ನೊವಾಕರ ಗೋತ್ರ

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಪರದೇಶದ ಡಗ್ಲಸ್ ಎಂಬ ಊರಿಗೆ ಬಂದ ಶಕುಂತಲಮ್ಮ, ಕೊರೋನಾದಿಂದ ವಿಮಾನಗಳು ನಿಂತು ಅಲ್ಲೇ ಉಳಿದುಬಿಟ್ಟರು. ಕೂಸಿಗೆ ಹಲ್ಲು ಬಂತು, ಇವರಿಗೆ ಟಿಕೆಟ್ಟು ಬರಲಿಲ್ಲ. ಬೇಸರವೇ? ಅದೆಲ್ಲಿಂದ ಬರಬೇಕು! ಬೇಲಿಯಾಚೆ ಪೋಲೆಂಡಿನ ಹಲೀನಾ ನೊವಾಕ್ ಇದ್ದರಲ್ಲ, ಇವರ ಬಾಯಲ್ಲಿ ಹಲೀನಮ್ಮ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಹರಟೆಗೆ ಅದೇನೂ ಅಡ್ಡಿಯಾಗಲಿಲ್ಲ. ಈಚೆಯಿಂದ ಚಕ್ಕುಲಿ ಹೋಯಿತು, ಆಚೆಯಿಂದ ಉಪ್ಪುನೀರಲ್ಲಿ ನೆನೆಸಿದ ಸೌತೆಕಾಯಿ ಬಂತು.

ಹಲೀನಮ್ಮನ ಮೊಮ್ಮಗ ಮಾರೆಕ್ ಹತ್ತಿರದ ಊರು ರಿಂಗಾಸ್ಕಿಡಿಯ ಔಷಧಿ ಫ್ಯಾಕ್ಟರಿಯಲ್ಲಿದ್ದ. ಅವನಿಗೆ ಮದುವೆ ಗೊತ್ತಾಯಿತು. ಚರ್ಚಿನಿಂದ ಬರುವ ಗಂಡುಹೆಣ್ಣನ್ನು ಮನೆಯ ಹಿರಿಯರು ಬ್ರೆಡ್ಡು, ಉಪ್ಪು ಹಿಡಿದು ಬರಮಾಡಿಕೊಳ್ಳುವುದು ಅವರ ಪದ್ಧತಿ. ಹುಡುಗನ ತಾಯಿ ಕೋವಿಡ್ ಬಂದು ಪೋಲೆಂಡಿನಲ್ಲೇ ಉಳಿದಿದ್ದರು.

“ಬ್ರೆಡ್ಡು ನಾನು ಹಿಡೀತೀನಿ, ಉಪ್ಪು ನೀವು ಹಿಡೀರಿ,” ಎಂದರು ಹಲೀನಮ್ಮ.

ಶಕುಂತಲಮ್ಮ ಹಿಗ್ಗಿ ಹೀರೇಕಾಯಿಯಾದರು. ಆದರೆ ಕರೆಯೋಲೆ ನೋಡಿದ್ದೇ ತಡ, ಮುಖ ಬಾಡಿತು. ಹುಡುಗಿಯ ಮನೆತನವೂ ನೊವಾಕ್! ಮಂಡಿ ನೋವು, ನಿಲ್ಲಲಾಗದು ಎಂದು ನೆಪ ಹೇಳಿ ಒಳಗೆ ಬಂದುಬಿಟ್ಟರು. ಹಲೀನಮ್ಮ ಬೇಲಿಯ ಹತ್ತಿರ ಒಬ್ಬರೇ ನಿಂತಿದ್ದರು.

“ಮಂಡಿ ನೋವು ಯಾವಾಗ ಶುರುವಾಯ್ತಮ್ಮ?” ಎಂದು ಕೇಳಿದಳು ಮಗಳು ವಿನೋದಿನಿ.

“ಸಗೋತ್ರ ಕಣೇ. ಅಣ್ಣತಂಗಿ ಮದುವೇಲಿ ನಾನು ಉಪ್ಪು ಹಿಡ್ಕೊಂಡು ನಿಲ್ಲಲಾ? ನಾಳೆ ಹೆಚ್ಚುಕಮ್ಮಿಯಾದ್ರೆ ಆ ಪಾಪ ಯಾರಿಗೆ?”

ವಿನೋದಿನಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಸೀದಾ ಬೇಲಿಗೆ ಹೋಗಿ ಹೇಳಿಯೇಬಿಟ್ಟಳು. ಇನ್ನು ಈ ಸ್ನೇಹ ಮುಗಿಯಿತು ಎಂದುಕೊಂಡು ಶಕುಂತಲಮ್ಮ ಮಗಳ ಹಿಂದೆಯೇ ಓಡಿದರು. ಹಲೀನಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಅವರು ಹೇಳಿದ್ದನ್ನು ಮಗಳು ಕನ್ನಡಕ್ಕೆ ತಂದಳು.

“ಅವರ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ಮನೆತನದ ಹೆಸರೇ ಇದಂತೆ ಅಮ್ಮ. ಲಕ್ಷಗಟ್ಟಲೆ ಜನ. ಹಿಂದೆ ಬೇರೆ ಕಡೆಯಿಂದ ಬಂದು ಊರಲ್ಲಿ ನೆಲೆನಿಂತವನನ್ನ ನೊವಾಕ್ ಅಂತಿದ್ರಂತೆ, ಹೊಸಬ ಅಂತ. ಊರೂರಿಗೂ ಒಬ್ಬ ಹೊಸಬ ಬಂದೇ ಬರ್ತಾನೆ. ಅವರೆಲ್ಲ ಹೇಗೆ ದಾಯಾದಿಗಳಾಗ್ತಾರೆ?”

“ಇದನ್ನ ಮೊದಲೇ ಹೇಳೋಕೆ ನಿಂಗೇನಾಗಿತ್ತು?” ಎಂದು ಶಕುಂತಲಮ್ಮ ಮಗಳ ಮೇಲೆಯೇ ರೇಗಿದರು. ಮಂಡಿ ನೋವು ಅಲ್ಲಿಗೆ ಮಾಯವಾಯಿತು.

ಮದುವೆಯ ದಿನ ರೇಷ್ಮೆ ಸೀರೆಯ ಮೇಲೆ ಮಗಳ ದಪ್ಪ ಕೋಟು ತೊಟ್ಟು, ಮಾಸ್ಕು ಹಾಕಿ, ಹಲೀನಮ್ಮನ ಪಕ್ಕದಲ್ಲಿ ಉಪ್ಪಿನ ಬಟ್ಟಲು ಹಿಡಿದು ನಿಂತರು. ಮಾರೆಕ್ ಬ್ರೆಡ್ಡಿನ ಚೂರು ಮುರಿದು ಉಪ್ಪಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಫೋನಿನಲ್ಲಿ ನೋಡುತ್ತಿದ್ದ ತಾಯಿಯ ಕಣ್ಣು ತುಂಬಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದುಕೊಂಡರು ಶಕುಂತಲಮ್ಮ.

“ಈಗ ನೊವಾಕ್ ಮನೆಯವರು ಮಾತ್ರ,” ಎಂದಳು ಫೋಟೋ ತೆಗೆಯುವ ಹುಡುಗಿ. ಎರಡೂ ಕಡೆಯವರು ಬಂದು ಸಾಲಾಗಿ ನಿಂತರು. ಶಕುಂತಲಮ್ಮ ಬಟ್ಟಲು ಎತ್ತಿಕೊಂಡು ಮೆಲ್ಲನೆ ಪಕ್ಕಕ್ಕೆ ಸರಿದರು.

ಹಲೀನಮ್ಮ ಅವರ ಕೋಟಿನ ತೋಳು ಹಿಡಿದು ಎಳೆದರು.

“ನೀವೆಲ್ಲಿಗೆ ಹೊರಟ್ರಿ? ಈ ಊರಿಗೆ ನಮ್ಮೆಲ್ಲರಿಗಿಂತ ಹೊಸಬರು ನೀವೇ.”

ಶಕುಂತಲಮ್ಮ ಬಂದು ನಡುವೆ ನಿಂತರು.