ಕಾಲಿಗೆ ನೀರು

ಬಕೀಟಿನ ನೀರು ಇವತ್ತೂ ಬೂದಿ ಬಣ್ಣಕ್ಕೆ ತಿರುಗಿತ್ತು. ಸ್ವರೂಪಾ ಚರಿಗೆ ಅದ್ದಿ ಕಲಕಿ ನೋಡಿದಳು. ತಳದಲ್ಲಿ ಕಲ್ಲಿನ ರಾಡಿ ಕೂತಿತ್ತು. ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಇನ್ನೂ ಆರಿರಲಿಲ್ಲ. ಹೊಸ್ತಿಲ ತನಕ ಬಂದ ಹೆಜ್ಜೆಗಳು ಒಳಗೆ ಕಾಲಿಡದೆ ಅಲ್ಲೇ ತಿರುಗಿ ಓಣಿಗಿಳಿದು ಹೋಗಿದ್ದವು. 

"ಬಂದಿದ್ದನೇನ ಯವ್ವಾ?" ಒಳಗಿನಿಂದ ಅವಳಪ್ಪ ಬಕ್ಕಪ್ಪ ಕೂಗಿದ.

"ಯಾರೂ ಬಂದಿಲ್ಲ. ಸುಮ್ನ ಕೂಡು ನೀ."

"ನೀರಿನ ಸಪ್ಪಳ ಕೇಳ್ತು ನನಗ. ಯೇಸಪ್ಪ ಬಂದಾನ, ಕಾಲ್ ತೊಳಕೊಂಡಾನ. ನಾ ಗ್ವಾಡಿ ಹಿಡಕೊಂಡು ಏಳೂದ್ರಾಗ ಹೋಗಿಬಿಟ್ಟಾನ ನೋಡು!"

ಮುದುಕನ ದನಿಯಲ್ಲಿ ಜಾತ್ರೆಗೆ ಹೊರಟ ಮಗುವಿನ ಸಡಗರ. ಸ್ವರೂಪಾಳಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟೋ ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ.

ಇದಕ್ಕೆಲ್ಲ ಕಾರಣ ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಪಾಸ್ಟರು ಹೇಳಿದ ಪ್ರಸಂಗ. ಈ ದಿನಗಳಲ್ಲಿ ಯೇಸುಸ್ವಾಮಿ ನಿಮ್ಮ ನಿಮ್ಮ ಮನೆಗೆ ಬರುತ್ತಾನೆ, ಚಿಕ್ಕ ಮಕ್ಕಳ ಹಾಗೆ ನಂಬಿ ಕಾಯಿರಿ ಅಂದಿದ್ದರು. ತಾಂಡೂರಿನ ಆ ಓಣಿಯ ಸಭೆಯವರೆಲ್ಲ ಹೂಂ ಅಂದರು, ಆಮೆನ್ ಅಂದರು, ಮನೆಗೆ ಹೋಗಿ ಉಂಡು ಮಲಗಿದರು. ಬಕ್ಕಪ್ಪನೊಬ್ಬ ಬಂದವನೇ ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದ ಬಕೀಟು ತಿಕ್ಕಿ ತೊಳೆದು, ನೀರು ತುಂಬಿ ಬಾಗಿಲ ಹೊರಗಿಟ್ಟ.

"ಏನಪ್ಪಾ ಇದು?" ಅಂತ ಸ್ವರೂಪಾ ಕೇಳಿದ್ದಕ್ಕೆ, "ಬೆತ್ಲೆಹೇಮಿನಿಂದ ತಾಂಡೂರು ಏನ್ ಹಂತ್ಯಾಕ ಅದ? ಅಷ್ಟು ದೂರ ನಡಕೊಂಡು ಬರಾಂವಗ ಕಾಲಿಗಿ ನೀರು ಬ್ಯಾಡೇನು?" ಅಂತ ಅವಳನ್ನೇ ಬೈದಿದ್ದ.

ಕಲ್ಲು ಕೆಲಸದವರ ಓಣಿಯಲ್ಲಿ ಬಾಗಿಲ ಮುಂದೆ ಬಕೀಟು ಇಡುವುದು ಹೊಸದೇನಲ್ಲ. ಖಣಿಯಿಂದಲೋ ಪಾಲಿಶ್ ಕಾರ್ಖಾನೆಯಿಂದಲೋ ಸಂಜೆ ಮರಳುವ ಗಂಡಸರು ತಲೆಯಿಂದ ಹಿಮ್ಮಡಿಯ ತನಕ ಕಲ್ಲಿನ ಬೂದಿ ಮೆತ್ತಿಕೊಂಡಿರುತ್ತಾರೆ. ಮುಸ್ಸಂಜೆಯಲ್ಲಿ ಯಾರ ಗಂಡ ಯಾರು, ಯಾರ ಮಗ ಯಾರು ಅಂತ ಗುರುತೇ ಹತ್ತುವುದಿಲ್ಲ. ಕಾಲು ತೊಳೆಯದೆ ಒಳಗೆ ಬಂದರೆ ಹೆಂಗಸರು ಸುಮ್ಮನೆ ಬಿಡುವುದೂ ಇಲ್ಲ. ಆದರೆ ಬಕ್ಕಪ್ಪನ ಮನೆಯಲ್ಲಿ ಕಲ್ಲಿನ ಕೆಲಸದಿಂದ ಬರುವವರು ಈಗ ಯಾರೂ ಇರಲಿಲ್ಲ. ಮಗ ರಾಜರತ್ನ ಹೋದ ಶ್ರಾವಣದಲ್ಲಿ ಖಣಿಯ ಪಾಲಾಗಿದ್ದ.

ಬಿಡದೆ ಸುರಿದ ಮಳೆಗೆ ಖಣಿಯ ದಂಡೆಯ ಮೇಲಿನ ಒಡಕಲ್ಲಿನ ಗುಡ್ಡ ಜರಿದು ನೀರು ತುಂಬುತ್ತಿದ್ದ ಗುಂಡಿಗೆ ಬಿದ್ದಿತ್ತು. ಕೆಳಗಿದ್ದವರು ಇಬ್ಬರೇ, ರಾಜರತ್ನ ಮತ್ತು ಅವನ ಜೀವದ ಗೆಳೆಯ ಸಂಗು. ಸಂಗು ಮೇಲೆ ಬಂದ. ರಾಜರತ್ನ ಬರಲಿಲ್ಲ. ಹೆಣಕ್ಕಾಗಿ ಹುಡುಕಿದರು, ಮಿಶಿನ್ ತರಿಸಿದರು, ಆಮೇಲೆ ಕೈಚೆಲ್ಲಿದರು. ಪಾಸ್ಟರು ಗುಂಡಿಯ ದಂಡೆಯಲ್ಲೇ ನಿಂತು ಪ್ರಾರ್ಥನೆ ಮಾಡಿ ಮುಗಿಸಿದರು. ಜಹೀರಾಬಾದಿನ ಗಂಡನ ಮನೆಯಿಂದ ಓಡಿ ಬಂದಿದ್ದ ಸ್ವರೂಪಾ ಅಲ್ಲೇ, ಎಲ್ಲರ ಎದುರಿಗೇ, ಸಂಗುವಿನ ಅಂಗಿ ಹಿಡಿದು ಜಗ್ಗಿದ್ದಳು. "ನನ್ನ ತಮ್ಮನ ಬಿಟ್ಟು ನೀ ಹೆಂಗ ಬಂದಿ? ನಮ್ಮ ಹೊಸ್ತಿಲಾ ತುಳದ್ರ ನಿನ್ನ ಕಾಲು ಸೇದಿ ಹೋಗ್ಲಿ!"

ಅವತ್ತಿನಿಂದ ಸ್ವರೂಪಾ ಅಪ್ಪನ ಹತ್ತಿರವೇ ಇದ್ದಳು. ಮುದುಕನ ಕಣ್ಣಿಗೆ ಪೊರೆ ಬಂದಿದೆ, ಒಬ್ಬನನ್ನೇ ಬಿಡುವ ಹಾಗಿಲ್ಲ. ಜಹೀರಾಬಾದಿಗೆ ಬಾ ಎಂದರೆ ಜಪ್ಪಯ್ಯ ಅನ್ನುವುದಿಲ್ಲ.

"ಯೇಸಪ್ಪ ಬಂದು ಹೋಗ್ಲಿ. ಒಂದ ಮಾತು ಕೇಳೂದದ ಅವಗ. ಕೇಳಿದ ಮ್ಯಾಲ ನೀ ಎಲ್ಲಿಗಿ ಅಂತಿ ಅಲ್ಲಿಗಿ ಬರ್ತೀನಿ."

ಆ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಹಿಡಿ ಮಣ್ಣು ಹಾಕಿಸಿಕೊಳ್ಳದೆ ಹೋದ ಮಗ ದೇವರ ಹತ್ತಿರ ಮುಟ್ಟಿದನೋ ಇಲ್ಲವೋ? ಅಷ್ಟು ಕಲ್ಲಿನ ಅಡಿಯಿಂದ ಹುಡುಗ ದಾರಿ ಹುಡುಕಿಕೊಂಡು ಹೋದದ್ದಾದರೂ ಹೇಗೆ? ಮುದುಕ ಊಟದ ನಡುವೆ ತುತ್ತು ಹಿಡಿದುಕೊಂಡೇ ಇದನ್ನು ಕೇಳುತ್ತಿದ್ದ. ಪಾಪ, ಯಾರು ಏನು ಹೇಳಿದರೂ ಅವನ ಜೀವಕ್ಕೆ ಸಮಾಧಾನವಿಲ್ಲ. ಹೇಳಬೇಕಾದವನೇ ಬಂದು ಹೇಳಬೇಕು.

ಸ್ವರೂಪಾಳ ಹೆದರಿಕೆಯೇ ಬೇರೆ. ನೀರು ರಾಡಿಯಾದ ಮೊದಲ ಸಂಜೆ ಅವಳು ನಾಯಿಯೋ ದನವೋ ಅಂದುಕೊಂಡಳು. ಆದರೆ ಮತ್ತೊಂದು ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ಯಾರೋ ಚಪ್ಪಲಿಯನ್ನು ಗೋಡೆಗೆ ಪಟಪಟ ಬಡಿದು ಧೂಳು ಕೊಡವಿದರು. ಆಮೇಲೆ ಹಾಸುಗಲ್ಲಿಗೆ ಹಿಮ್ಮಡಿ ತಿಕ್ಕುವ ಸಪ್ಪಳ. ರಾಜರತ್ನ ಬರುತ್ತಿದ್ದದ್ದು ಹೀಗೇ. ಅವಳ ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯಿತು. ಧೈರ್ಯ ಮಾಡಿ ಬಾಗಿಲಿಗೆ ಬರುವಷ್ಟರಲ್ಲಿ ಓಣಿ ಖಾಲಿ. ಮಣ್ಣು ಸಿಗದ ಜೀವ ಮನೆ ಬಿಟ್ಟು ಹೋಗುವುದಿಲ್ಲ ಅಂತ ಪಕ್ಕದ ಮನೆಯ ಜನಾಬಾಯಿ ಪಿಸುಗುಟ್ಟಿದ ಮೇಲಂತೂ ಸಂಜೆಯಾದರೆ ಸಾಕು, ಅವಳು ಕದ ಮುಚ್ಚಿಬಿಡುತ್ತಿದ್ದಳು.

ಕೊನೆಗೆ ಒಂದು ದಿನ ತಾಳಲಾರದೆ ಬಕೀಟಿನ ನೀರೆಲ್ಲ ಚೆಲ್ಲಿ ಬೋರಲು ಹಾಕಿದಳು. ಆ ಸಂಜೆ ಹೊರಗೆ ಹೆಜ್ಜೆ ಸಪ್ಪಳವಾಯಿತು, ಒಂದು ಗಳಿಗೆ ನಿಂತಿತು, ಹೊರಟುಹೋಯಿತು. ಬಕ್ಕಪ್ಪ ತಡಕಾಡುತ್ತ ಬಂದು ಬೋರಲು ಹಾಕಿದ ಬಕೀಟು ಮುಟ್ಟಿ ನೋಡಿದ. ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು, ಆಟಿಕೆ ಕಳೆದುಕೊಂಡ ಕೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ನೀರಿಲ್ಲದ ಮನಿ ಅಂತ ಹ್ವಾದ. ಇನ್ನ ಬರೂದಿಲ್ಲ ಅಂವ."

ಮರುದಿನ ಸ್ವರೂಪಾ ತಾನೇ ನೀರು ತುಂಬಿದಳು. ಬರುವವನು ಯಾರೇ ಆಗಲಿ, ತಮ್ಮನೇ ಆಗಲಿ, ಇವತ್ತು ಮುಖ ನೋಡಿಯೇ ಬಿಡುತ್ತೇನೆ ಎಂದು ಕದದ ಹಿಂದೆ ನಿಂತಳು. ಒಳಗೆ ಬಕ್ಕಪ್ಪ ಮೊಣಕಾಲೂರಿ ಎಂದಿನ ಪ್ರಾರ್ಥನೆ ಶುರು ಮಾಡಿದ. ಅದರಲ್ಲಿ ಒಂದು ಮಾತು ಬಂದಾಗಲೆಲ್ಲ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಇವತ್ತು ಹೋಗುವ ಹಾಗಿರಲಿಲ್ಲ.

"ಕಲ್ಲಿನಾಗಿಂದ ಉಳದು ಬಂದ ನಮ್ಮ ಸಂಗೂನ ಕಾಪಾಡು ತಂದೀ. ಅವಗ ನಿದ್ದಿ ಕೊಡು."

ಹೊರಗೆ ಚಪ್ಪಲಿ ಗೋಡೆಗೆ ಬಡಿಯಿತು. ಸ್ವರೂಪಾ ಕಿಂಡಿಯಿಂದ ನೋಡಿದಳು. ಅಯ್ಯೋ ದೇವರೇ! ಅದೇ ಎತ್ತರ, ಅದೇ ಬಾಗಿದ ಹೆಗಲು, ತಲೆಯಿಂದ ಕಾಲಿನವರೆಗೆ ಬೂದಿ. ನೀರು ಮೊಗೆದು ಎಡಗಾಲ ಮೇಲೆ ಹಾಕಿಕೊಂಡು ಹಾಸುಗಲ್ಲಿಗೆ ಹಿಮ್ಮಡಿ ತಿಕ್ಕುತ್ತಿದ್ದ.

"ರತ್ನಾ!" ಕದ ತಳ್ಳಿ ಕೂಗಿಯೇಬಿಟ್ಟಳು.

ಆತ ತಿರುಗಿದ. ಬೂದಿಯ ನಡುವೆ ಕೆಂಪಗಿದ್ದ ಎರಡು ಕಣ್ಣುಗಳು ಸಂಗುವಿನವು.

"ಅಕ್ಕಾ, ಹೊಸ್ತಿಲಾ ತುಳದಿಲ್ಲ ನಾ," ಎಂದ ಗಾಬರಿಯಿಂದ, ಎರಡು ಹೆಜ್ಜೆ ಹಿಂದೆ ಸರಿದು. "ಪಾಲಿಶ್ ಕೆಲಸ ಮುಗಿಸಿ ಹೋಗಾಗ ಕಾಕಾನ ಪ್ರಾರ್ಥನಾ ಕೇಳಸ್ತದ. ನನ್ನ ಹೆಸರು ತಗೊಂತಾನಲ್ಲ, ಅದನ್ನ ಕೇಳಾಕ ನಿಂದರ್ತೀನಿ. ರತ್ನನ ಸಂಗಟ ದಿನಾ ಇಲ್ಲೇ ಕಾಲ್ ತೊಳೀತಿದ್ನಲ್ಲ, ನೀರು ಕಂಡ್ರ ಕೈ ತಾನಾ ಹೋಗ್ತದ ಅಕ್ಕಾ."

ಇಷ್ಟು ದಿನ ಕೂಡಿಟ್ಟಿದ್ದ ಬೈಗುಳವೆಲ್ಲ ಅವಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಬಕ್ಕಪ್ಪ ಅವಳನ್ನು ಸರಿಸಿ, ಕೈ ಚಾಚಿಕೊಂಡು ಹೊರಗೆ ಬಂದೇಬಿಟ್ಟ. ಪೊರೆಗಣ್ಣಿಗೆ ಕಂಡದ್ದು ಬೆಳ್ಳಗಿನ ಒಂದು ಆಕಾರ ಅಷ್ಟೇ.

"ಬಂದಿ ಯಪ್ಪಾ?" ಎಂದು ಸಂಗುವಿನ ಎರಡೂ ಕೈ ಹಿಡಿದುಕೊಂಡ. "ಕೈ ಥಣ್ಣಗ ಆಗ್ಯಾವ."

"ಕಾಕಾ, ನಾ..." ಎಂದು ಸಂಗು ಕೈ ಬಿಡಿಸಿಕೊಳ್ಳಲು ನೋಡಿದ.

"ನೀ ಏನೂ ಹೇಳಬ್ಯಾಡ, ಮೊದಲ ನಾ ಕೇಳ್ತೀನಿ. ಎಷ್ಟು ದಿನಾ ಕಾದೀನಿ." ಮುದುಕ ಹಿಡಿದ ಕೈಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. "ನನ್ನ ಮಗ ರಾಜರತ್ನ. ಖಣಿ ನೀರಾಗ ಹ್ವಾದ. ನಿನ್ನ ಹಂತ್ಯಾಕ ಬಂದು ಮುಟ್ಟ್ಯಾನೇನು?"

ಸಂಗು ದಿಕ್ಕು ತೋಚದೆ ಸ್ವರೂಪಾಳ ಕಡೆ ನೋಡಿದ. ಇಂವ ಸಂಗು ಅಪ್ಪಾ ಅಂತ ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು. ಅಷ್ಟು ಆಸೆಯಿಂದ ಮೇಲೆತ್ತಿದ ಮುಖಕ್ಕೆ ಆ ಮಾತು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸಂಗುವಿಗೆ ಹೂಂ ಎಂಬಂತೆ ತಲೆಯಾಡಿಸಿದಳು.

"ಮುಟ್ಟ್ಯಾನ," ಎಂದ ಸಂಗು. ಅವನ ಗಲ್ಲದ ಬೂದಿಯ ಮೇಲೆ ಎರಡು ಗೆರೆ ಇಳಿದವು. ಕಣ್ಣು ಇನ್ನೂ ಸ್ವರೂಪಾಳ ಮೇಲೆಯೇ ಇತ್ತು. "ಕೊನೀತನಾ ಅವನ ಕೈ ಹಿಡದಿದ್ದೆ. ನಾ ಆಗಿ ಬಿಟ್ಟಿಲ್ಲ. ಖರೇ ಹೇಳ್ತೀನಿ, ನಾ ಆಗಿ ಬಿಟ್ಟಿಲ್ಲ."

"ಹಂಗಾದ್ರ ಆತು," ಎಂದ ಬಕ್ಕಪ್ಪ. ತಲೆಯ ಮೇಲಿನ ಹೊರೆ ಇಳಿಸಿದವನಂತೆ ಉಸಿರು ಬಿಟ್ಟ. "ಕೈ ಹಿಡದಿದ್ದಿಯಲ್ಲ, ಅಷ್ಟ ಸಾಕು ನನಗ. ಕಾಲ್ ತೊಳಕೊಂಡು ಒಳಗ ಬಾ ಯಪ್ಪಾ. ರೊಟ್ಟಿ ಬಿಸಿ ಅವ." ಗೋಡೆ ಹಿಡಿದುಕೊಂಡು, ತನ್ನಷ್ಟಕ್ಕೆ ನಗುತ್ತ, ತಾಟು ಹುಡುಕಲು ಒಳಗೆ ಹೋದ.

ಸಂಗು ಹೊಸ್ತಿಲನ್ನೇ ನೋಡುತ್ತ ನಿಂತ. ಒಂದು ಕಾಲು ತೊಳೆದಿತ್ತು, ಇನ್ನೊಂದಕ್ಕೆ ರಾಡಿ ಹಾಗೇ ಇತ್ತು. ಡಿಸೆಂಬರಿನ ಗಾಳಿ ತಣ್ಣಗೆ ಬೀಸುತ್ತಿತ್ತು. ಸ್ವರೂಪಾ ಅವನ ಕೈಯಿಂದ ಚರಿಗೆ ತೆಗೆದುಕೊಂಡಳು.

"ನಿಂದ್ರು," ಎಂದಳು. "ಬಿಸಿನೀರು ತರ್ತೀನಿ."