ಸವತಿಯ ಮೂಗು

"ಏ ಮುದುಕಿ! ದೇವಿ ಬೆನ್ನ ಮೇಲೆ ಚಡ್ಡಿ ಒಗೀತಿದೀಯಲ್ಲೇ, ನಿನ್ನ ಕೈಗೆ ಲಕ್ವ ಹೊಡಿಯಾ!"

ಪುರಾತತ್ವ ಇಲಾಖೆಯ ಸಾಹೇಬರು ಹೀಗೆ ಅರಚಿದಾಗ ಚಿಕ್ಕವ್ವನ ಕೈಯಲ್ಲಿದ್ದದ್ದು ಸಾಹೇಬರದೇ ಚಡ್ಡಿ. ಇದು ನಡೆದ ಕಥೆ. ಸುಳ್ಳು ಹೇಳುವುದಾಗಿದ್ದರೆ ಇದಕ್ಕಿಂತ ಮರ್ಯಾದಸ್ತ ಬಟ್ಟೆಯನ್ನೇ ಅವಳ ಕೈಗೆ ಕೊಡುತ್ತಿದ್ದೆ.

ಕೋಟೆಗೋಡೆಯ ಬುಡದಲ್ಲಿ ನಮ್ಮ ಓಣಿ. 'ಸಂರಕ್ಷಿತ ಸ್ಥಳ' ಎಂಬ ಬೋರ್ಡು ನೆಡಲು ಚಿಕ್ಕವ್ವನ ಗುಡಿಸಿಲ ಮುಂದೆಯೇ ಗುಂಡಿ ತೋಡಿಸುತ್ತಿದ್ದರು. ತೋಡುತ್ತಿದ್ದವನು ಚಿಕ್ಕಪ್ಪ. ಅವನು ಹಾರೆ ಮೀಟಿದ ರಭಸಕ್ಕೆ ಪಕ್ಕದಲ್ಲಿದ್ದ ಒಗೆಯುವ ಕಲ್ಲು ಮಗ್ಗುಲಾಯಿತು. ಅದರ ಹೊಟ್ಟೆಯ ಕಡೆ, ಕೆಸರು ಮೆತ್ತಿದ ಎಂಟು ಕೈಗಳ ಒಬ್ಬ ದೇವಿ ನಗುತ್ತಿದ್ದಳು.

"ಮೂಗು! ಮೂಗು ಇದೆ ಕಣ್ರೋ!" ಎಂದು ಸಾಹೇಬರು ಕುಣಿದೇಬಿಟ್ಟರು. ಕೋಟೆಯ ದೇವರುಗಳಲ್ಲಿ ಒಬ್ಬರಿಗೂ ಮೂಗಿಲ್ಲ. ಕೆಲವರದು ಫಿರಂಗಿಗೆ ಹೋಯಿತು, ಕೆಲವರದು ಕಲ್ಲೆಸೆಯುವ ಹುಡುಗರಿಗೆ, ಉಳಿದವರದು ಕಂಟ್ರಾಕ್ಟರನ ಲಾರಿಗೆ.

"ಇರದೆ ಎಲ್ಲಿಗೆ ಹೋಗ್ತದೆ ಸ್ವಾಮಿ?" ಎಂದಳು ಚಿಕ್ಕವ್ವ. "ನಮ್ಮತ್ತೆ ಕಾಲದಿಂದ ಮಕಾಡೆ ಮಲಗವಳೆ. ಮೇಲೆ ನಾವು ನೀರು ಸುರೀತಾ ಕೂತಿದೀವಿ. ಮೂಗಿಗೆ ಕೈ ಹಾಕೋಕೆ ಯಾವನು ಬರ್ತಾನೆ?"

"ಬಾಯ್ಮುಚ್ಚೇ, ಮುಂಡೆ."

ಪಕ್ಕದಲ್ಲೇ ಮುತ್ತೈದೆಯ ಗಂಡ ಹಾರೆ ಹಿಡಿದು ಬೆಪ್ಪಾಗಿ ನಿಂತಿದ್ದ.

ಸಂಜೆಯೊಳಗೆ ಪತ್ರಿಕೆಯವಳು ಕ್ಯಾಮೆರಾ ನೇತುಹಾಕಿಕೊಂಡು ಬಂದಳು. ಸಾಹೇಬರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಎರಡು ಸಲ ಕೆಮ್ಮದೆ ಅವರು ಮಾತು ಶುರುಮಾಡಿದ್ದಿಲ್ಲ, 'ತಿಳೀತಾ?' ಎನ್ನದೆ ಮುಗಿಸಿದ್ದೂ ಇಲ್ಲ. ನನಗೆ ಇಂಥವು ಬೇಗ ಹತ್ತುತ್ತವೆ. ಮಣ್ಣು ಹೊರುವ ಕೂಲಿಯವನಾದರೂ ಓಣಿಯವರು ನನ್ನನ್ನು ಕರೆಯುವುದು 'ಗಂಟಲು' ಎಂದು. ನಾಯಿಯಿಂದ ಹಿಡಿದು ನಾಯಕನವರೆಗೆ ಯಾರ ದನಿಯನ್ನಾದರೂ ತೆಗೆಯುತ್ತೇನೆ. ಬಹಳ ಸಲ ಎರಡಕ್ಕೂ ಒಂದೇ ದನಿ ಸಾಕಾಗುತ್ತದೆ.

"ದೇವರ ಕಲ್ಲು ಸಿಕ್ಕಿದ ಜಾಗದಲ್ಲಿ ಮನೆ ಇರಕೂಡದು. ಅಕ್ಕಪಕ್ಕಾನೂ ಹುಡುಕ್ತೀವಿ, ಈ ಓಣೀನೇ ಎಬ್ಬಿಸ್ತೀವಿ. ಕಾನೂನು ಎಲ್ಲರಿಗೂ ಒಂದೇ," ಎಂದರು ಸಾಹೇಬರು. ಪತ್ರಿಕೆಯವಳು ಬರೆದುಕೊಳ್ಳುತ್ತಿರುವುದನ್ನು ಕಂಡು ಹುರುಪು ಏರಿತು. "ನಾಳೆ ನನ್ನ ಬಂಗಲೇಲಿ ಸಿಕ್ಕಿದ್ರೂ ಅಷ್ಟೆ. ಹೆಂಡತಿ ಮಕ್ಕಳ ಕೈ ಹಿಡ್ಕೊಂಡು ಬೀದಿಗೆ ಇಳೀತೀನಿ. ತಿಳೀತಾ?"

ಓಣಿಗೆ ಚೆನ್ನಾಗಿ ತಿಳಿಯಿತು.

ದೇವಿಯನ್ನು ಕೋಟೆಯೊಳಗಿನ ಹಾಳು ಗುಡಿಗೆ ಸಾಗಿಸಿದ್ದು ನಾವೇ. ಕಲ್ಲಿನ ಭಾರಕ್ಕೆ ಹೆಗಲಿನ ಚರ್ಮ ಸುಲಿದುಹೋಯಿತು. ಗರ್ಭಗುಡಿಯ ಹೊಸಿಲು ದಾಟಿ ಪೀಠದ ಮೇಲೆ ಇಳಿಸುವವರೆಗೂ ಅರ್ಚಕರು "ಮೆತ್ತಗೆ ಕಣಪ್ಪಾ, ಜೋಪಾನ ಕಣಪ್ಪಾ" ಎಂದು ಬೆಣ್ಣೆಯಂತೆ ಮಾತಾಡಿದರು. ಇಳಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಬೆಣ್ಣೆ ಕಲ್ಲಾಗಿತ್ತು.

"ಆಯ್ತಲ್ಲ, ಇನ್ನು ಆಚೆ ನಡೀರಿ. ಹಾಗೇ, ಆ ಕಂಬ ಮುಟ್ಟಬೇಡ್ರೋ."

ನಾವು ಹೊರಗೆ ಬಂದದ್ದೇ ತಡ, ಅವರು ಕೊಡದಿಂದ ನೀರು ಸುರಿದು ನಮ್ಮ ಹೆಜ್ಜೆ ಬಿದ್ದಲ್ಲೆಲ್ಲ ಉಜ್ಜತೊಡಗಿದರು. ನೀರು ಹೊಸಿಲು ದಾಟಿ ನಮ್ಮ ಕಾಲ ಬುಡಕ್ಕೇ ಹರಿದು ಬಂತು.

"ಒಗೆಯೋ ಕೆಲಸ ಅವರಿಗೂ ಬರ್ತದೆ," ಎಂದಳು ಚಿಕ್ಕವ್ವ.

ಗುಡಿಗೆ ಚಾವಣಿ ಇರಲಿಲ್ಲ. ಚಾವಣಿ ಆಗುವವರೆಗೆ ದೇವಿಗೆ ಬಿಸಿಲು ತಾಗಬಾರದೆಂದು ಸಾಹೇಬರು ಒಂದು ದೊಡ್ಡ ಬಣ್ಣದ ಕೊಡೆ ತರಿಸಿದರು. ಹಿಡಿಯುವ ಕೆಲಸ ಚಿಕ್ಕಪ್ಪನಿಗೆ ಸಿಕ್ಕಿತು. ಒಳಗೆ ಕಾಲಿಡುವಂತಿಲ್ಲವಲ್ಲ, ಅದಕ್ಕೆ ಕೊಡೆಗೆ ಉದ್ದನೆಯ ಬಿದಿರು ಕಟ್ಟಿಕೊಟ್ಟರು. ಚಿಕ್ಕಪ್ಪ ಹೊಸಿಲಾಚೆ ಉರಿಬಿಸಿಲಿನಲ್ಲಿ ನಿಂತು, ಮೀನು ಹಿಡಿಯುವವನ ಹಾಗೆ ಬಿದಿರು ಚಾಚಿ, ಒಳಗಿರುವ ಕಲ್ಲಿಗೆ ನೆರಳು ಕೊಡುತ್ತಿದ್ದ.

ಚಿಕ್ಕವ್ವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದನ್ನು ಕಂಡ ದಿನ.

"ಹೋಗಿದ್ದೆ, ನಿನ್ನ ಸಂಸಾರ ನೋಡ್ಕೊಂಡು ಬಂದೆ," ಎಂದಳು, ಚಿಕ್ಕಪ್ಪ ಮನೆಗೆ ಬಂದೊಡನೆ. ನಾನು ಬಾಗಿಲ ಬಳಿ ಕೂತು ಬೀಡಿ ಹಚ್ಚುತ್ತಿದ್ದೆ. "ಏನು ಸಿಂಗಾರ! ಹೊಸ ಸೀರೆ ಅಂತೆ, ದೀಪ ಅಂತೆ, ಕೊಡೆ ಅಂತೆ. ನಿನ್ನ ಕಟ್ಕೊಂಡ ಮೇಲೆ ಒಂದು ದಿನ ನನ್ನ ತಲೆ ಮೇಲೆ ಗೋಣಿಚೀಲ ಹಿಡಿದಿದ್ದೀಯಾ ನೀನು?"

"ಅವಳು ದೇವರು ಕಣೇ."

"ಮೊನ್ನೆವರೆಗೂ ಕಲ್ಲಾಗಿದ್ಲು! ಊರ ಕೊಳೇನ ಇಬ್ರೂ ಸೇರಿ ಒಗೆದಿದ್ದು. ನಾನು ಮೇಲಿಂದ, ಅವಳು ಕೆಳಗಿಂದ. ಅವಳಿಗೆ ಮನೆ ಸಿಕ್ತು, ನನ್ನ ಮನೆ ಹೋಯ್ತು. ಸಾಲದ್ದಕ್ಕೆ ಗಂಡನ್ನೂ ಎತ್ಹಾಕ್ಕೊಂಡ್ಲು, ಸವತಿ!"

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇನೇ? ಕಲ್ಲಿನ ಮೇಲೆ ಯಾರಾದ್ರೂ..."

"ನನ್ನನ್ನೂ ಕೆತ್ತು."

ಚಿಕ್ಕಪ್ಪ ನಕ್ಕ. ಕೂಲಿಗೆ ಬರುವ ಮುಂಚೆ ಅವನು ಕಲ್ಲು ಕೆತ್ತುತ್ತಿದ್ದವನು. ಒರಳು, ಬೀಸುವ ಕಲ್ಲು, ಸತ್ತವರ ತಲೆಕಲ್ಲು. ಯಂತ್ರ ಬಂದ ಮೇಲೆ ಉಳಿ ಸುತ್ತಿಗೆಗಳು ಮೂಲೆ ಸೇರಿದ್ದವು.

"ನಗಬೇಡ. ನನಗೂ ಎಂಟು ಕೈ ಬೇಕು."

"ನಿನಗಿರೋದು ಎರಡೇ ಅಲ್ವೇನೇ?"

"ಬೆಳಗಾದ್ರೆ ನಾನು ಮಾಡೋ ಕೆಲಸ ನೋಡಿ ಹೇಳು ಆ ಮಾತು. ಎಂಟು ಎಲ್ಲಿ ಸಾಲ್ತದೆ? ಕೆತ್ತದಿದ್ರೆ ಹೋಗು, ಅವಳ ಹೊಸಿಲಲ್ಲೇ ಬಿದ್ಕೋ. ಒಳಗಂತೂ ಅವಳು ನಿನ್ನ ಬಿಟ್ಕೊಳಲ್ಲ."

ಆ ಕೊನೆಯ ಮಾತಿಗೆ ಚಿಕ್ಕಪ್ಪನ ನಗು ನಿಂತುಹೋಯಿತು.

ಕಲ್ಲನ್ನು ಕೊಟ್ಟವರು ಸಾಹೇಬರೇ. ಅವರ ಬಂಗಲೆ ನಮ್ಮ ಓಣಿಯ ಬಾಯಲ್ಲೇ ಇದೆ. ಅದರ ಅಷ್ಟೂ ಕಲ್ಲು ಕೋಟೆಯದೆಂದು ಓಣಿಯ ನಾಯಿಗೂ ಗೊತ್ತು, ಯಾರೂ ಬೊಗಳುವುದಿಲ್ಲ. ಒಗೆಯುವ ಕಲ್ಲು ಹೋದ ಮೇಲೆ ಚಿಕ್ಕವ್ವ ಆ ಬಂಗಲೆಯ ಹಿಂಬಾಗಿಲ ಮೆಟ್ಟಿಲ ಮೇಲೆಯೇ ಸಾಹೇಬರ ಬಟ್ಟೆ ಒಗೆಯುತ್ತಿದ್ದಳು. ಹೊಡೆತಕ್ಕೆ ಮೆಟ್ಟಿಲು ಸಡಿಲಗೊಂಡು, ಸಾಹೇಬರು ಒಂದು ಬೆಳಿಗ್ಗೆ ಮುಗ್ಗರಿಸಿ ಬಾಳೆಗೊನೆಯಂತೆ ಬಿದ್ದರು.

"ಯಾವ ಸೂಳೆಮಗನೋ ಈ ಮೆಟ್ಟಿಲು ಕೂರಿಸಿದ್ದು! ಎತ್ಕೊಂಡು ಹೋಗಿ ತಳ ಸಮ ಮಾಡಿ ತಂದು ಹಾಕೋ. ತಿಳೀತಾ?"

"ತಿಳೀತು ಬುದ್ಧಿ," ಎಂದ ಚಿಕ್ಕಪ್ಪ.

ಗುಡಿಸಿಲ ಹಿಂದೆ ಕೆಲಸ ನಡೆಯಿತು. ಕೊಡೆಯ ಕೆಲಸ ಮುಗಿಸಿ ಬಂದು, ಬೆಳಕಿರುವಷ್ಟು ಹೊತ್ತು ಅವನು ಉಳಿ ಹಿಡಿದು ಕೂರುತ್ತಿದ್ದ. ಚಿಕ್ಕವ್ವ ಎದುರಿಗೆ ಸೀರೆ ಮೇಲೆತ್ತಿ ಕಟ್ಟಿ, ಬಡಿಯುವ ಕೋಲೆತ್ತಿ ನಿಲ್ಲುತ್ತಿದ್ದಳು. ಒಮ್ಮೆ ಮೇಸ್ತ್ರಿ ಸದ್ದು ಕೇಳಿ ಇತ್ತಲೇ ಬರತೊಡಗಿದ. ನಾನು ಗೋಡೆ ಮರೆಯಲ್ಲಿ ಎರಡು ಸಲ ಕೆಮ್ಮಿ, "ಏ ಮೇಸ್ತ್ರಿ, ಎಲ್ಲಿ ಸತ್ತೆಯೋ? ಬಂಗಲೆ ಹತ್ರ ಬಾ, ತಿಳೀತಾ?" ಎಂದೆ. ಚಪ್ಪಲಿ ಕಳಚಿಕೊಂಡರೂ ನಿಲ್ಲದೆ ಬಂಗಲೆಯ ಕಡೆ ಓಡಿದ, ಪಾಪ.

ಒಂದು ಕೈಗೆ ಬಡಿಯುವ ಕೋಲು, ಒಂದಕ್ಕೆ ನೀರಿನ ಕೊಡ, ಒಂದಕ್ಕೆ ಪೊರಕೆ, ಒಂದಕ್ಕೆ ಸೌಟು. ಉಳಿದವಕ್ಕೂ ಏನೇನೋ ಸಿಕ್ಕವು. ಮುಖವಂತೂ ಅವಳೇ. ಕೆನ್ನೆಯ ಗುಳಿ, ಹುಬ್ಬಿನ ಮೇಲಿನ ಗಾಯದ ಗೆರೆ, ಬೈಯುವ ಮುಂಚೆ ಓರೆಯಾಗುವ ತುಟಿ. ಚಿಕ್ಕವ್ವ ಕೂತು ನೋಡಿದಳು. ಅವಳ ಕಣ್ಣು ತುಂಬಿಬಂತು. ಮರುಕ್ಷಣ ಅದೇ ಕಣ್ಣು ಕೆಂಪಗಾಯಿತು.

"ಇದು ಯಾರ ಮೂಗು?"

"ನಿಂದೇ."

"ನನ್ನದು ಮೊಂಡು ಮೂಗು ಕಣೋ, ಹಡಬೆ! ಇದು ಅವಳದು. ಆ ಸವತೀದು!"

ಚಿಕ್ಕಪ್ಪ ತಲೆ ಕೆರೆದುಕೊಂಡ. "ದಿನಾ ಅದನ್ನೇ ನೋಡ್ತಾ ನಿಲ್ತೀನಲ್ಲೇ. ಕೈ ತಾನಾಗೇ ಅದನ್ನೇ ಮಾಡ್ಬಿಡ್ತು."

ಚಿಕ್ಕವ್ವ ಸುತ್ತಿಗೆ ಎತ್ತಿಕೊಂಡಳು. ಒಂದೇ ಏಟು. ಮೂಗು ಹಾರಿ ಕೋಳಿಗಳ ನಡುವೆ ಬಿತ್ತು.

ಮರುದಿನ ಕಲ್ಲು ಮಕಾಡೆ ಮಲಗಿ ಮತ್ತೆ ಮೆಟ್ಟಿಲಾಯಿತು. ಸಾಹೇಬರು ಅದರ ಮೇಲೆ ಕುಣಿದು ಪರೀಕ್ಷಿಸಿ, "ಈಗ ಸರಿ" ಎಂದರು.

ಓಣಿ ಎಬ್ಬಿಸುವ ದಿನ ಬಂತು. ನಮ್ಮ ಮನೆ ಒಡೆಯುವ ಕೂಲಿಯನ್ನೂ ನಮಗೇ ಕೊಟ್ಟಿದ್ದರು. ಇಂಥ ದಾಕ್ಷಿಣ್ಯ ಯಾರಿಗುಂಟು? ಮೊದಲು ಚಿಕ್ಕವ್ವನ ಗುಡಿಸಿಲು. ಪಾತ್ರೆ, ಚಾಪೆ, ಮುರುಕು ಪೆಟ್ಟಿಗೆ ಎಲ್ಲ ಬೀದಿಗೆ ಬಂದವು. ಹೊಸಿಲು ಎತ್ತಿ ನೋಡಿದರೆ ಅಡಿಯಲ್ಲಿ ಎರೆಹುಳುಗಳು.

"ಇವೂ ಹಳೇ ಕಾಲದವೇ ಬುದ್ಧಿ? ಗುಡಿಗೆ ಹೊರಬೇಕಾ?" ಎಂದು ಯಾರೋ ಕೇಳಿದರು.

"ನಾಲಿಗೆ ಸೀಳ್ತೀನಿ! ಕಲ್ಲು ಸಿಗಲಿ, ಬಿಡಲಿ, ಜಾಗ ಖಾಲಿಯಾಗಬೇಕು. ನಾನು ಮುಖ ತೊಳ್ಕೊಂಡು ಬರೋ ಹೊತ್ತಿಗೆ ಗೋಡೆ ಮಲಗಿರಬೇಕು, ತಿಳೀತಾ?" ಎಂದ ಸಾಹೇಬರು ಪತ್ರಿಕೆಯವಳನ್ನೂ ಅರ್ಚಕರನ್ನೂ ಬಂಗಲೆಯ ಜಗಲಿಯಲ್ಲಿ ಕೂರಿಸಿ ಬಚ್ಚಲಿಗೆ ಹೋದರು.

ನಾನು ಬಂಗಲೆಯ ಹಿಂಗೋಡೆಗೆ ಒರಗಿದೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ.

"ಏ! ಮೊದಲು ನನ್ನ ಹಿಂಬಾಗಿಲ ಮೆಟ್ಟಿಲು ಎತ್ರೋ! ಸಾಹೇಬನ ಮನೆ ಅಂತ ಬಿಟ್ರೆ ಜನ ಉಗೀತಾರೆ. ಕಾನೂನು ಎಲ್ಲರಿಗೂ ಒಂದೇ, ತಿಳೀತಾ?"

"ತಿಳೀತು ಬುದ್ಧೀ!" ಎಂದಿತು ಓಣಿ.

ಜಗಲಿಯಲ್ಲಿ ಪತ್ರಿಕೆಯವಳು "ಎಂಥ ಮನುಷ್ಯ!" ಎಂದು ಎದ್ದಳು. ಅವಳು ಹಿತ್ತಿಲಿಗೆ ಬರುವುದಕ್ಕೂ ಕಲ್ಲು ಮಗುಚುವುದಕ್ಕೂ ಸರಿಹೋಯಿತು. ಹಿಂದೆಯೇ ಬಂದ ಅರ್ಚಕರು ಕಂಡದ್ದೇ "ತಾಯೀ!" ಎಂದು ಕೈಮುಗಿದು ಉದ್ದಕ್ಕೆ ಮಲಗಿದರು. ನಮ್ಮ ಓಣಿಯ ನೆಲ ಅವರ ಹೊಟ್ಟೆಗೆ ತಾಗಿದ್ದು ಅದೇ ಮೊದಲು.

ಓಣಿಯಲ್ಲಿ ಪ್ರತಿಯೊಬ್ಬರಿಗೂ ಆ ಮುಖ ಯಾರದೆಂದು ತಿಳಿಯಿತು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಸದ್ದು ಕೇಳಿ ಸಾಹೇಬರು ಒದ್ದೆ ಮುಖದಲ್ಲೇ ಓಡಿಬಂದರು. ಜನ ದಾರಿ ಬಿಟ್ಟರು. ಕಲ್ಲು ಕಂಡಿತು, ಅದು ಎಲ್ಲಿಂದ ಎದ್ದದ್ದೆಂಬುದು ಕಾಣಲಿಲ್ಲ.

"ಅಯ್ಯೋ! ಅಯ್ಯಯ್ಯೋ! ಬರ್ಕೊಳಮ್ಮ, ಬರ್ಕೋ. ಇದು ಗದೆ. ಇದು ಕಲಶ. ಇದು ಚಾಮರ. ಈ ಮೂಗು ನೋಡು, ಶತ್ರುಗಳು ದಾಳಿ ಮಾಡಿದಾಗ ಮುರಿದದ್ದು."

"ಸವತಿ ದಾಳಿ," ಎಂದು ನನ್ನ ಹಿಂದೆ ಯಾರೋ ಗೊಣಗಿದರು.

"ಆದ್ರೂ ಏನು ಕಳೆ! ಏನು ಗಾಂಭೀರ್ಯ! ನನ್ನ ಸರ್ವೀಸಿನಲ್ಲಿ ಇಂಥ ಮುಖ ನಾನು ಕಂಡಿಲ್ಲ."

ಅವರ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿದ್ದ ಚಿಕ್ಕವ್ವ ಒಗೆದ ಟವೆಲು ಚಾಚಿದಳು. ಅವರು ತೆಗೆದುಕೊಂಡು, ಮುಖ ಒರೆಸಿ, ಕಣ್ಣನ್ನು ಕಲ್ಲಿನಿಂದ ಕೀಳದೆ, ಟವೆಲನ್ನು ಮತ್ತೆ ಅವಳ ಮುಖದ ಕಡೆಗೇ ಎಸೆದರು.

ಅಷ್ಟರಲ್ಲಿ ಹೊಸ ದೇವಿಯ ಸುದ್ದಿ ಮುಟ್ಟಿ, ಕೋಟೆಯೊಳಗಿಂದ ಚಿಕ್ಕಪ್ಪ ಬಿದಿರಿನ ಕೊಡೆ ಹೊತ್ತು ಏದುಸಿರು ಬಿಡುತ್ತ ಬಂದ. ಬಂದವನೇ ಕಲ್ಲಿನ ಮೇಲೆ ನೆರಳು ಚಾಚಿದ. ಪಕ್ಕದಲ್ಲೇ ನೆತ್ತಿ ಸುಡುವ ಬಿಸಿಲಿನಲ್ಲಿ ಚಿಕ್ಕವ್ವ ನಿಂತಿದ್ದಳು. ಅವಳು ಕಲ್ಲನ್ನು ನೋಡಿದಳು, ಕೊಡೆಯನ್ನು ನೋಡಿದಳು, ಗಂಡನನ್ನು ನೋಡಿದಳು. ತುಟಿ ಓರೆಯಾಯಿತು.

"ಥೂ, ನಿನ್ನ ಯೋಗ್ಯತೆಗೆ! ನನ್ನ ಮುಖ ಹೊತ್ಕೊಂಡೋಳೂ ನನಗೆ ಸವತಿಯಾದ್ಲಲ್ಲೋ!"

ಚಿಕ್ಕಪ್ಪ ಗಡಬಡಿಸಿ ಕೊಡೆಯನ್ನು ಅವಳ ಕಡೆಗೆ ವಾಲಿಸಿದ. ಅವಳು ಅದರಡಿ ನಿಲ್ಲಲಿಲ್ಲ. ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡಳು.

"ಸರ್," ಎಂದಳು ಪತ್ರಿಕೆಯವಳು, ಮೆಲ್ಲಗೆ. "ಇದು ನಿಮ್ಮ ಮನೆ ಮೆಟ್ಟಿಲಲ್ವಾ?"

ಸಾಹೇಬರು ಕಲ್ಲಿನಿಂದ ಗುಂಡಿಗೆ, ಗುಂಡಿಯಿಂದ ಬಾಗಿಲಿಗೆ ಕಣ್ಣು ಹಾಯಿಸಿದರು. ಎರಡು ಸಲ ಕೆಮ್ಮಿದರು. ಮೂರನೆಯ ಸಲವೂ ಕೆಮ್ಮಿದರು.

"ಬೀದಿಗೆ ಇಳೀತೀನಿ ಅಂದಿದ್ರಿ. ನಾನು ಅಚ್ಚು ಹಾಕಿಸಿದ್ದೀನಿ."

ಆಗ ಸಾಹೇಬರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ. "ಹಹ್ಹಾ! ಒಳ್ಳೆ ತಮಾಷೆ! ಬಂಗಲೆ ಖಾಲಿ ಮಾಡೋದಂತೆ! ಹಹ್ಹಹ್ಹಾ!" ಅರ್ಚಕರು ಎದ್ದು ಧೂಳು ಕೊಡವಿಕೊಂಡು ನಕ್ಕರು. ಮೇಸ್ತ್ರಿ ನಕ್ಕ. ನಾನೂ ನಕ್ಕೆ, ಸಾಹೇಬರದೇ ನಗು, ಅದೇ ಏರು, ಅದೇ ಗೊರಕೆ. ತಮ್ಮದೇ ನಗು ಇನ್ನೊಂದು ಕಡೆಯಿಂದ ಬರುವುದನ್ನು ಕೇಳಿ ಅವರು ಬೆಚ್ಚಿ ಸುತ್ತ ನೋಡಿದರು. ಅಷ್ಟರಲ್ಲಿ ಓಣಿಯೆಲ್ಲ ಅದೇ ನಗುವನ್ನು ಹಿಡಿದುಕೊಂಡಿತ್ತು. ಅದನ್ನು ಮುಚ್ಚಿಹಾಕಲು ಸಾಹೇಬರು ಇನ್ನೂ ಎತ್ತರಕ್ಕೆ ನಕ್ಕರು. ಕಣ್ಣಲ್ಲಿ ನೀರು ಬಂತು. ಟವೆಲಿಗೆ ಕೈ ಚಾಚಿದರು, ಯಾರೂ ಕೊಡಲಿಲ್ಲ.

ಚಿಕ್ಕವ್ವ ಒಬ್ಬಳೇ ನಗಲಿಲ್ಲ. ಸೀರೆ ಮೇಲೆತ್ತಿ ಕಟ್ಟಿ, ಹಾರೆಯ ಮೊನೆಯನ್ನು ಹಿಂಬಾಗಿಲ ಚೌಕಟ್ಟಿನ ಸಂದಿಗೆ ಇಟ್ಟು, ಮೈಭಾರವೆಲ್ಲ ಬಿಟ್ಟು ಮೀಟಿದಳು. ಒಂದು ಹೆಂಟೆ ಗಾರೆ ಉದುರಿತು, ಅದರ ಹಿಂದೆ ಒಂದು ಕಲ್ಲು. ಓಣಿಯ ನಗು ಅಲ್ಲಿಗೆ ನಿಂತಿತು. ಒಬ್ಬೊಬ್ಬರಾಗಿ ಹಾರೆ ಎತ್ತಿಕೊಳ್ಳತೊಡಗಿದರು.

ಸಾಹೇಬರು ಮಾತ್ರ ಇನ್ನೂ ನಗುತ್ತಲೇ ಇದ್ದರು, ಎಲ್ಲರಿಗಿಂತ ಜೋರಾಗಿ.