ಕಾನೂನು ಬಿಟ್ಟುಕೊಟ್ಟ ಹಾಸಿಗೆ

ಪಿನಾಂಗಿನ ಮೆಣಸಿನ ವ್ಯಾಪಾರಿ ಬೂನ್ ಹೋ ದಿವಾಳಿಯಾದ. ಕೋರ್ಟಿನವರು ಅಂಗಡಿ, ಮೆಣಸಿನ ಮೂಟೆ, ಗಡಿಯಾರ ಎಲ್ಲ ಹೊತ್ತುಕೊಂಡು ಹೋದರು. ಉಳಿದದ್ದು ಅಮ್ಮನ ಶವಪೆಟ್ಟಿಗೆ. ಅವಳಿಗೆ ಅರವತ್ತು ತುಂಬಿದಾಗ, ಆ ಊರಿನ ಚೀನೀ ಮಕ್ಕಳೆಲ್ಲ ಮಾಡುವಂತೆ, ಮಗನೇ ಮಾಡಿಸಿಕೊಟ್ಟದ್ದು. ವರ್ಷವರ್ಷ ಅರಗು ಹಚ್ಚಿ ಮುದುಕಿ ಅದನ್ನು ಮೊಮ್ಮಗುವಿನಂತೆ ಸಾಕಿದ್ದಳು.

ಇಂಗ್ಲೆಂಡಿನಲ್ಲಿ ಹೊಲಿದ ಅಂಗಿಯಂಥ ಕಾನೂನನ್ನು ಹಾಗೇ ತಂದು ಇಲ್ಲಿಯವರಿಗೆ ತೊಡಿಸಿದ್ದರು ದೊರೆಗಳು. ದಿವಾಳಿಯಾದವನ ಮನೆಯವರಿಗೆ ಉಡುವ ಬಟ್ಟೆ, ಕಸುಬಿನ ಉಪಕರಣ, ಹಾಸಿಗೆ ಹೊದಿಕೆ ಬಿಡಬೇಕು ಎನ್ನುತ್ತಿತ್ತು ಅದು. ಬದುಕಿರುವವಳ ಶವಪೆಟ್ಟಿಗೆಯ ಮಾತು ಅದರಲ್ಲಿ ಎಲ್ಲಿಂದ ಬರಬೇಕು?

"ಹಾಸಿಗೆ ಬಿಡ್ತಾರಾ? ಹಂಗಾದ್ರೆ ಇದೇ ನನ್ನ ಹಾಸಿಗೆ," ಎಂದು ಅಮ್ಮ ದಿಂಬು ಹಾಕಿಕೊಂಡು ಪೆಟ್ಟಿಗೆಯೊಳಗೆ ಮಲಗಿಯೇಬಿಟ್ಟಳು.

ಮಧ್ಯಾಹ್ನ ಕೂಲಿಗಳನ್ನು ಕರೆದುಕೊಂಡು ಬಂದ ಕೋರ್ಟಿನ ಅಧಿಕಾರಿ ಗ್ರಿಮ್‌ಸ್ಟನ್ ಬಗ್ಗಿ ನೋಡಿದ. "ಸರಿ, ಹಾಸಿಗೆ. ಮುಚ್ಚಳ ಯಾಕೆ? ಅದನ್ನ ತಗೊಂಡು ಹೋಗ್ತೀನಿ."

"ಅದು ಹೊದಿಕೆ ಕಣಪ್ಪಾ," ಎಂದಳು ಅಮ್ಮ.

"ಹೊದ್ಕೊಂಡು ತೋರಿಸಿ, ನೋಡೋಣ."

ಮುಚ್ಚಳ ಹಾಕುವಾಗ ಅಲ್ಲಿ ಮನೆಯವರು ಬೆನ್ನು ತಿರುಗಿಸಿ ದೂರ ನಿಲ್ಲುತ್ತಾರೆ. ನೆರಳು ಒಳಗೆ ಸಿಕ್ಕಿಕೊಂಡರೆ, ಪೆಟ್ಟಿಗೆ ಮಣ್ಣಿಗಿಳಿದ ದಿನ ಆ ಮನುಷ್ಯನ ಕಥೆಯೂ ಮುಗಿದಂತೆ. ಕೂಲಿಗಳು ಆಗಲೇ ಗೋಡೆಯತ್ತ ತಿರುಗಿದ್ದರು. ಬೂನ್ ಹೋನ ಬೆನ್ನ ಹಿಂದೆ ಕಿಟಕಿಯ ಬಿಸಿಲಿತ್ತು. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ ಮುಚ್ಚಳ ಎಳೆದ.

"ಹೊದಿಕೆಯೇ," ಎಂದು ಬರೆದುಕೊಂಡು ಗ್ರಿಮ್‌ಸ್ಟನ್ ಹೊರಟುಹೋದ.

ಮುಚ್ಚಳ ಸರಿಸಿದಾಗ ಅಮ್ಮ ನಗುತ್ತ ಎದ್ದು ಕೂತಳು. "ಗೆದ್ವಿ ಕಣೋ! ದೊರೆಗೇ ಟೋಪಿ ಹಾಕಿದ್ವಿ!"

ನಗು ಅಲ್ಲಿಗೇ ನಿಂತಿತು. ಬಿಸಿಲಲ್ಲಿ ನಿಂತ ಮಗನ ಕಾಲ ಬಳಿ ಏನೂ ಇರಲಿಲ್ಲ. ಅವಳ ಪಕ್ಕದಲ್ಲೇ, ಪೆಟ್ಟಿಗೆಯ ತಳದಲ್ಲಿ, ಅವನಷ್ಟೇ ಉದ್ದದ ಕಪ್ಪೊಂದು ಮಗ್ಗುಲಾಗಿ ಮಲಗಿತ್ತು. ಅಮ್ಮ ಎರಡು ಕೈಯಲ್ಲೂ ಬಾಚಿದಳು, ಬೈದಳು, ಬೇಡಿಕೊಂಡಳು. ಅದು ಏಳಲಿಲ್ಲ. ಬೂನ್ ಹೋ ಬಾಗಿಲತ್ತ ತಿರುಗಿದ.

"ಈಗ್ಲೇ ಓಡಿ ಅವರನ್ನ ಕರೀತೀನಮ್ಮಾ, ತಗೊಂಡು ಹೋಗ್ಲಿ."

"ತಲೆ ಕೆಟ್ಟಿದೆಯೇನೋ? ಅವರು ಮಾರ್ತಾರೆ, ಕೊಂಡೋರು ಹೂಳ್ತಾರೆ." ಅಮ್ಮ ಮೆಲ್ಲಗೆ ಪೆಟ್ಟಿಗೆಯಿಂದಿಳಿದಳು. ಇಷ್ಟು ವರ್ಷ ಒರೆಸಿದ ಆ ಅಂಚನ್ನು ಒಮ್ಮೆ ಸವರಿದಳು. "ನಾನು ಸತ್ತಾಗ ಚಾಪೇಲಿ ಸುತ್ತಿ ಸಾಗಿಸು. ಇದನ್ನ ಮಾತ್ರ ಯಾರಿಗೂ ಕೊಡಬೇಡ."

ದಿಂಬು ಎತ್ತಿಕೊಂಡವಳು ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ, ಅದನ್ನು ಆ ಕಪ್ಪಿನ ತಲೆಯ ಕೆಳಗೆ ಇಟ್ಟಳು.